ಮೋಡಕಾ ತಕ್ಕಡಿಯಲ್ಲಿ ಮಾವನವರ ಪೈಪು

"ಹಳೇ ಹಿತ್ತಾಳಿ, ತಾಂಬ್ರ, ಕಬ್ಬಣ, ರದ್ದೀ ಪೇಪರ್..." ಎಂಬ ಕೂಗು ಓಣಿಯಲ್ಲಿ ಕೇಳಿತೆಂದರೆ ಸಾಕು, ನಮ್ಮ ಕಡೆಯ ಹೆಣ್ಣುಮಕ್ಕಳ ಕಣ್ಣು ಅಟ್ಟದ ಮೇಲೆ ಹೋಗುತ್ತದೆ. ಮೊದಲು ಮೋಡಕಾದವರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದರು, ಈಗ ಗಾಡಿಗೆ ಸ್ಪೀಕರ್ ಕಟ್ಟಿಕೊಂಡು ಬರುತ್ತಾರೆ, ಅಷ್ಟೇ ಫರಕು. ತೂತು ಬಿದ್ದ ಬೋಗಾಣಿ, ಹಿಡಿಕೆ ಮುರಿದ ತಂಬಿಗೆ, ಕೆಟ್ಟುಹೋದ ಸ್ಟೋವು ಎಲ್ಲಾ ಇಳಿಸಿ ಕೊಡುತ್ತೇವೆ. ಅವುಗಳ ನಡುವೆ ಅಜ್ಜನ ಅಡಕೊತ್ತು, ಅಜ್ಜಿಯ ಸುಣ್ಣದ ಡಬ್ಬಿ, ಯಾರದೋ ತಪಕೀರ ಡಬ್ಬಿ, ಒಂದು ಗುಡಗುಡಿ, ಒಂದು ಪೈಪು ಕೂಡ ಹೋಗಿಬಿಡುತ್ತವೆ. ತಕ್ಕಡಿಗೆ ಏನು ಗೊತ್ತು? ಹರಕು ಡಬ್ಬಿಯೂ ಒಂದೇ, ಹಿರಿಯರು ಕೈಯಾಗ ಹಿಡಿದ ಸಾಮಾನೂ ಒಂದೇ.

ಹೀಗೆ ಹೋದ ಸಾಮಾನನ್ನು, ಅದರಲ್ಲೂ ತಂಬಾಕು ಸೇದುವ ಹಳೇ ಪೈಪು, ಚಿಲುಮೆ, ಗುಡಗುಡಿಗಳನ್ನು ಮೂರು ವರ್ಷದಿಂದ ನಾನು ಹುಡುಕುತ್ತಿದ್ದೇನೆ. "ತಂಬಾಕಿಗೂ ಮನೆ ಹೆಂಗಸಿಗೂ ಏನವಾ ಸಂಬಂಧ?" ಅಂತ ನಗಬೇಡಿ. ಸಂಬಂಧ ಏನೆಂಬುದನ್ನು ಹೇಳಲಿಕ್ಕೇ ಈ ಲೇಖನ ಬರೆದಿದ್ದೇನೆ.

ತಂಬಾಕು ನಡೆದು ಬಂದ ದಾರಿ

ತಂಬಾಕು ನಮ್ಮ ದೇಶದ ಬೆಳೆಯಲ್ಲ. ಅಮೇರಿಕದಿಂದ ಪೋರ್ತುಗೀಜರು ತಂದದ್ದು. ಗೋವೆ ಅವರ ಕೈಯಲ್ಲಿತ್ತು. ಅಲ್ಲಿಂದ ಘಟ್ಟ ಹತ್ತಿ ಬಂದರೆ ನಮ್ಮ ಸೀಮೆ. ಹಾಗಾಗಿ ದೆಹಲಿ, ಆಗ್ರಾಗಳಿಗಿಂತ ಮೊದಲು ತಂಬಾಕಿನ ಹೊಗೆ ಕಂಡದ್ದು ಬಿಜಾಪುರ.

ಇದಕ್ಕೆ ಒಂದು ಮದುವೆಯ ಕಥೆಯೂ ಇದೆ. ಅಕ್ಬರ ಬಾದಶಹನ ಮಗ ದಾನಿಯಾಲನಿಗೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಮಗಳನ್ನು ತರುವ ಮಾತಾಗಿತ್ತು. ಅದೇ ಕೆಲಸದ ಮೇಲೆ 1604ರ ಸುಮಾರಿಗೆ ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರಕ್ಕೆ ಬಂದಿದ್ದ. ಇಲ್ಲಿ ಆತ ತಂಬಾಕನ್ನು ಕಂಡ. ತಿರುಗಿ ಹೋಗುವಾಗ ತಂಬಾಕನ್ನೂ, ರತ್ನ ಕೂಡಿಸಿ ಮಾಡಿಸಿದ ಒಂದು ಉದ್ದನೆಯ ಕೊಳವೆಯನ್ನೂ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ ಎರಡು ಮೂರು ದಮ್ಮು ಎಳೆದನಂತೆ. ಆಸ್ಥಾನದ ವೈದ್ಯರು "ಗುಣ ಗೊತ್ತಿಲ್ಲದ ವಸ್ತು, ಬೇಡ" ಎಂದು ತಡೆದರು. ಇದನ್ನೆಲ್ಲ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ವೈದ್ಯರ ಮಾತೇ ಖರೆ ಅಂತ ಈಗ ನಮಗೆಲ್ಲ ಗೊತ್ತು. ಅಕ್ಬರನ ಮಗ ಜಹಾಂಗೀರ 1617ರಲ್ಲಿ ತಂಬಾಕು ಸೇದುವುದನ್ನೇ ಬಂದು ಮಾಡಬೇಕೆಂದು ಹುಕುಂ ಹೊರಡಿಸಿದ. ಹುಕುಂ ಕಾಗದದಲ್ಲಿ ಉಳಿಯಿತು, ಹೊಗೆ ಊರೂರಿಗೆ ಹಬ್ಬಿತು. ನಮ್ಮದೇ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾಯಿತು. ಅಲ್ಲಿಯ ತಂಬಾಕಿನ ವಖಾರಿಗಳಲ್ಲಿ ಘಾಟು ಕುಡಿದು ದುಡಿದವರಲ್ಲಿ ನಮ್ಮಂಥ ಹೆಣ್ಣುಮಕ್ಕಳೇ ಬಹಳ.

ಚಿಲುಮೆ, ಗುಡಗುಡಿ, ಪೈಪು

ಹುಡುಕುವ ಮೊದಲು ಯಾವುದು ಏನೆಂದು ಗೊತ್ತಿರಬೇಕು.

ಚಿಲುಮೆ ಎಲ್ಲಕ್ಕಿಂತ ಬಡವರದು. ಕುಂಬಾರರು ಮಣ್ಣಿನಿಂದ ಮಾಡಿ ಸುಟ್ಟದ್ದು. ಮೇಲೆ ಅಗಲ, ಕೆಳಗೆ ಸಣ್ಣ. ತಂಬಾಕು ಬಾಯಿಗೆ ಬರಬಾರದೆಂದು ಒಳಗೆ ಒಂದು ಸಣ್ಣ ಹರಳು ಇಡುತ್ತಾರೆ, ಕೆಳಗಿನ ತುದಿಗೆ ಹಸಿ ಬಟ್ಟೆ ಸುತ್ತುತ್ತಾರೆ. ಮಣ್ಣಿನದಾದ್ದರಿಂದ ಹಳೇ ಚಿಲುಮೆ ಸಾಬೂತಾಗಿ ಸಿಗುವುದು ಕಷ್ಟ.

ಗುಡಗುಡಿಯೆಂದರೆ ಹುಕ್ಕಾ. ಬಡವರದು ತೆಂಗಿನ ಚಿಪ್ಪಿನದು, ಉಳ್ಳವರದು ಹಿತ್ತಾಳೆ, ತಾಮ್ರದ್ದು. ಕೆಳಗಿನ ಬುರುಡೆಯಲ್ಲಿ ನೀರು, ಮೇಲೆ ಚಿಲುಮೆ. ಎಳೆದಾಗ ನೀರು ಗುಡುಗುಡು ಅನ್ನುತ್ತದೆ, ಅದಕ್ಕೇ ಆ ಹೆಸರು. ಭಜನಿ ಮೇಳದಲ್ಲಿ ಗುಡಗುಡಿಯ ಮೇಲಿನ ತತ್ವಪದ ಕೇಳಿದ ನೆನಪು ನಿಮಗೂ ಇರಬಹುದು. ಗುಡಗುಡಿಗಳಲ್ಲಿ ರಾಜನೆಂದರೆ ನಮ್ಮ ಬೀದರಿನದು. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಆಮೇಲೆ ಬೀದರ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಹಿಂದಿನ ಕಾಲದಲ್ಲಿ ಬೀದರಿನವರು ಹೆಚ್ಚಾಗಿ ಮಾಡುತ್ತಿದ್ದದ್ದೇ ಹುಕ್ಕಾ ಬುರುಡೆ, ಪಾನದಾನ, ಹೂಜಿ. ಅಂಥ ಬುರುಡೆಗಳು ಇಂದು ಲಂಡನ್ನಿನ, ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿವೆ. 2006ರಲ್ಲಿ ಬಿದರಿ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಪೈಪು ಸಾಹೇಬರ ಜೊತೆ ಬಂದದ್ದು. ಒಳ್ಳೇ ಪೈಪಿನ ಬಟ್ಟಲನ್ನು ಬ್ರಯರ್ ಎಂಬ ಪೊದೆಯ ಬೇರಿನ ಗಂಟಿನಿಂದ ಮಾಡುತ್ತಾರೆ. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಗಿಡ ಅದು. ಬೇರಿನ ಗಂಟು ಬಹಳ ಗಟ್ಟಿ, ಬೆಂಕಿಗೆ ಸುಲಭಕ್ಕೆ ಸುಡುವುದಿಲ್ಲ. ಬಾಯಲ್ಲಿ ಹಿಡಿಯುವ ಕರೀ ತುದಿಯನ್ನು ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರಿನಿಂದ ಮಾಡುತ್ತಿದ್ದರು. ನಮ್ಮ ಕಡೆ ಸರ್ವೇ ಇಲಾಖೆಯವರು, ಇಂಜಿನಿಯರರು, ವಕೀಲರು, ಕೆಲವರು ಮಾಸ್ತರರು ಸಾಹೇಬರನ್ನು ನೋಡಿ ಪೈಪು ಹಿಡಿದರು.

ಮಾವನವರ ಪೈಪು

ನಮ್ಮ ಮಾವನವರೂ ಹಾಗೆಯೇ ಪೈಪು ಹಿಡಿದವರು. 1960ರ ದಶಕದಲ್ಲಿ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಆಣೆಕಟ್ಟು ಕಟ್ಟುವಾಗ ಅವರು ಅಲ್ಲಿ ಕಾರಕೂನರಾಗಿದ್ದರು. ಬದಲಿಯಾಗಿ ಹೋಗುವ ಇಂಜಿನಿಯರ್ ಸಾಹೇಬರೊಬ್ಬರು ತಮ್ಮ ಪೈಪನ್ನು ಇವರ ಕೈಯಲ್ಲಿಟ್ಟು ಹೋದರಂತೆ. ಅಂದಿನಿಂದ ಸಂಜೆ ಚಹಾ ಆದ ಮೇಲೆ ಕಟ್ಟೆಯ ಮೇಲೆ ಕೂತು ಪೈಪು ಹಚ್ಚುವುದು ಮಾವನವರ ಪದ್ಧತಿಯಾಯಿತು. ನಮ್ಮ ಅತ್ತೆಯವರಿಗೆ ಆ ವಾಸನೆ ಆಗುತ್ತಿರಲಿಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಟರು. 2004ರಲ್ಲಿ ಮಾವನವರು ಗಂಟಲ ಬೇನೆಯಿಂದ ತೀರಿಕೊಂಡರು. ತಂಬಾಕಿನದೇ ಫಲ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

2008ರಲ್ಲಿ ಮನೆಯ ಜಂತಿ ತೆಗೆದು ಸ್ಲ್ಯಾಬ್ ಹಾಕಿಸಿದರು. ಆಗ ನಾನು ತವರಿನಲ್ಲಿ ಬಾಣಂತಿ. ಅಟ್ಟದ ಸಾಮಾನೆಲ್ಲ ಒಂದೇ ದಿನದಲ್ಲಿ ಇಳಿಸಿ ತೂಕಕ್ಕೆ ಹಾಕಿದ್ದರು. ಕೆಲಸದ ಗದ್ದಲದಲ್ಲಿ ಅತ್ತೆಯವರನ್ನು ಯಾರೂ ಕೇಳಲಿಲ್ಲ. ಅವರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಹದಿಮೂರು ವರ್ಷದ ಮೇಲೆ, ಒಂದು ಮಧ್ಯಾಹ್ನ ಶ್ಯಾವಿಗಿ ಒಣಹಾಕಿ ಕಾಗಿ ಕಾಯುತ್ತ ಕೂತಾಗ.

"ಆ ಪೈಪಿನ ಕುತ್ತಿಗಿ ಒಮ್ಮೆ ಸೀಳಿತ್ತವಾ. ಹೊಸಾದು ತರಾಕ ರೊಕ್ಕ ಎಲ್ಲಿದ್ದು? ನನ್ನ ಮುರದ ಕಾಲುಂಗ್ರ ಇಸಗೊಂಡು ಹೋಗಿ ಪತ್ತಾರನ ಕಡೆ ಬೆಳ್ಳಿ ಕಟ್ಟ ಹಾಕಿಸಿಕೊಂಡು ಬಂದ್ರು. ನನ್ನ ಮದಿವಿ ಕಾಲುಂಗ್ರ ಅದು" ಅಂದರು.

ನಾನು ಸುಮ್ಮನೆ ಅವರ ಮುಖ ನೋಡಿದೆ. ಸುಮಾರು ಎಂಬತ್ತು ವರ್ಷದ ಮುದುಕಿ. ಗಂಡನ ಪ್ರಾಣ ತೆಗೆದ ವಸ್ತುವಿನ ಮೇಲೆ ಇವರಿಗೆ ಸಿಟ್ಟು ಇರಬೇಕು ಎಂದು ನಾವೆಲ್ಲ ತಿಳಿದಿದ್ದೆವು. ಸಿಟ್ಟೂ ಇತ್ತು. ಆದರೆ ಅದರ ಕುತ್ತಿಗೆಯಲ್ಲಿ ಅವರ ಕಾಲುಂಗುರ ಇತ್ತು. ಮೋಡಕಾದವರ ಚೀಲಕ್ಕೆ ಹೋದದ್ದು ಮಾವನವರ ಪೈಪು ಮಾತ್ರ ಅಲ್ಲ.

ನಾಲ್ಕು ಊರಿನ ತಿರುಗಾಟ

ಹೀಗೆ ಸುರುವಾಯಿತು ನನ್ನ ಹುಡುಕಾಟ. ಮುಂಬಯಿಯ ಚೋರ ಬಜಾರ, ಪುಣೆಯಲ್ಲಿ ಬುಧವಾರ ಮತ್ತು ರವಿವಾರ ಕೂಡುವ ಜೂನಾ ಬಜಾರ, ಬೆಂಗಳೂರು ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಇಂಥ ದೊಡ್ಡ ಪೇಟೆಗಳ ಹೆಸರು ನೀವೂ ಕೇಳಿರುತ್ತೀರಿ. ನಮ್ಮಂಥ ಸಣ್ಣ ಊರಲ್ಲಿ 'ಆಂಟಿಕ್ ಅಂಗಡಿ' ಎಂಬ ಬೋರ್ಡು ನಾನು ಕಂಡಿಲ್ಲ. ಇಲ್ಲಿ ಹಳೇ ಸಾಮಾನು ಸಿಗುವ ಜಾಗ ಮೂರು. ಒಂದು ಮೋಡಕಾ ಅಂಗಡಿ. ಎರಡು, ಹಳೇ ಭಾಂಡೆ ತಗೊಂಡು ಹೊಸಾದು ಕೊಡುವ ಭಾಂಡೆ ಅಂಗಡಿ. ಮೂರು, ಸಂತೆ, ಜಾತ್ರೆಗಳಲ್ಲಿ ಗೋಣಿತಾಟು ಹಾಸಿ ಕೂಡುವವರು.

2023ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾದದ್ದು ನನಗೆ ದೊಡ್ಡ ಅನುಕೂಲವಾಯಿತು. "ಪೈಪಿನ ಸಲುವಾಗಿ ಬಸ್ ಚಾರ್ಜ್ ದಂಡ" ಎನ್ನುವ ಮಾತು ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಹನ್ನೊಂದರ ಬಸ್ಸು ಹಿಡಿದರೆ ಸಂಜೆ ಹಾಲು ಕಾಸುವ ಹೊತ್ತಿಗೆ ತಿರುಗಿ ಬರಬಹುದು.

ಮೊದಲು ನಮ್ಮ ಬೈಲಹೊಂಗಲದ್ದೇ ಅಂಗಡಿಗಳು. ಚೆನ್ನಮ್ಮನ ಸಮಾಧಿ ಇರುವ ಊರಿದು, ಹತ್ತಿಯ ಪೇಟೆಯೆಂದೂ ಹೆಸರು. ಒಂದು ಮೋಡಕಾ ಅಂಗಡಿಯಲ್ಲಿ ನಡೆದ ಮಾತು ಕೇಳಿ.

"ಏನ್ ಬೇಕ್ರಿ ಅಕ್ಕಾರ?"

"ಹಳೇ ಪೈಪ್ ಅದಾವೇನ್ರಿ ಅಣ್ಣಾರ?"

"ಅದಾವಲ್ರಿ. ಅರ್ಧಾ ಇಂಚಿಂದ ಬೇಕೋ, ಮುಕ್ಕಾಲ ಇಂಚಿಂದ ಬೇಕೋ?"

ಸೇದುವ ಪೈಪೆಂದು ಹೇಳಿದ ಮೇಲೆ ಆತ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಅತ್ತೆಯವರ ಕಾಲುಂಗುರದ ಸಂಗತಿ ಹೇಳಿದೆ. ಆಗ ಒಂದು ಡಬ್ಬಿ ತಂದು ನನ್ನ ಮುಂದೆ ಸುರುವಿದ. ಬೀಗದ ಕೈ, ಅಡಕೊತ್ತು, ಗಡಿಯಾರದ ಮುಳ್ಳು, ಬೆಳ್ಳಿ ಬಣ್ಣದ ತಪಕೀರ ಡಬ್ಬಿ. ಪೈಪು ಇರಲಿಲ್ಲ. ಆದರೆ ಅಂದು ನನಗೆ ಒಂದು ವಿಷಯ ತಿಳಿಯಿತು. ತೂಕಕ್ಕೆ ಬಂದ ಸಾಮಾನಿನಲ್ಲಿ ವಿಚಿತ್ರ ಕಂಡದ್ದನ್ನು ಮೋಡಕಾದವರು ಬೇರೆ ಡಬ್ಬಿಯಲ್ಲಿ ಎತ್ತಿಡುತ್ತಾರೆ. ದೊಡ್ಡ ಊರಿನ ವ್ಯಾಪಾರಿ ಬಂದಾಗ ಅದು ಅವರ ಕೈಗೆ ಹೋಗುತ್ತದೆ. ನೀವು ಕೇಳಬೇಕಾದ್ದು ಆ ಡಬ್ಬಿಯನ್ನೇ.

ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಹೋಗಿ ಬರುವವರು ಕೋಟೆ ನೋಡಲು ಇಳಿಯುತ್ತಾರೆ, ಹಾಗಾಗಿ ಹಳೇದಕ್ಕೆ ಬೆಲೆ ಇದೆಯೆಂದು ಅಲ್ಲಿಯವರಿಗೆ ಗೊತ್ತು. ಕೋಟೆಯ ಒಳಗಿನ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿಕೊಂಡು ಆಮೇಲೆ ಪೇಟೆಗೆ ಹೋಗಿರಿ ಎಂಬುದು ನನ್ನ ಸಲಹೆ. ನಿಜವಾದ ಹಳೇ ಸಾಮಾನು ಹೇಗೆ ಸವೆದಿರುತ್ತದೆ ಎಂಬುದಕ್ಕೆ ಕಣ್ಣು ಪಳಗುತ್ತದೆ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದದ್ದು ಇಲ್ಲಿಯೇ. ಅದರಿಂದ ಎಂಥದೇ ಹಳೇ ಕತ್ತಿ, ಡಬ್ಬಿ, ಹುಕ್ಕಾ ಕಂಡರೂ "ಇದು ಸಂಸ್ಥಾನ ಕಾಲದ್ದು" ಎಂದು ಹೇಳಿ ಬೆಲೆ ಏರಿಸುವವರಿದ್ದಾರೆ. ಒಬ್ಬರು ನನಗೆ ತೋರಿಸಿದ ಅಂಥ ಒಂದು ಗುಡಗುಡಿಗೆ ಹೊಳೆಯುವ ಹೊಸಾ ಸ್ಕ್ರೂ ಹಾಕಿತ್ತು! ಕೈಮುಗಿದು ಬಂದೆ.

ಸವದತ್ತಿಯಲ್ಲಿ ಪೇಟೆಗಿಂತ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಹುಡುಕುವುದು ಲೇಸು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲೆಲ್ಲಿಂದಲೋ ಮಂದಿ ಬರುತ್ತಾರೆ, ಗೋಣಿತಾಟಿನ ಮೇಲೆ ಹಳೇ ಸಾಮಾನು ಇಟ್ಟವರೂ ಇರುತ್ತಾರೆ. ಅಲ್ಲಿ ನನಗೆ ಎರಡು ಮಣ್ಣಿನ ಚಿಲುಮೆ ಸಿಕ್ಕವು, ಎರಡೂ ಕೂಡಿ ನಲವತ್ತು ರೂಪಾಯಿ. ಒಂದು ಮಾತು ಮಾತ್ರ ನೆನಪಿಡಿ. ಹಳೇ ದೇವರ ಮೂರ್ತಿ, ಪ್ರಭಾವಳಿ, ಗುಡಿಯ ಗಂಟೆ ಮಾರಲಿಕ್ಕೆ ಇಟ್ಟಿದ್ದರೆ ಎಷ್ಟೇ ಸೋವಿಯಾದರೂ ಮುಟ್ಟಬೇಡಿ. ಎಲ್ಲಿಂದ ಬಂದದ್ದೋ ಯಾರಿಗೆ ಗೊತ್ತು.

ರಾಮದುರ್ಗ 1948ರವರೆಗೆ ಸಣ್ಣದೊಂದು ಸಂಸ್ಥಾನ. ಹಳೇ ವಾಡೆಗಳು, ಸಂಸ್ಥಾನದ ನೌಕರಿಯಲ್ಲಿದ್ದವರ ದೊಡ್ಡ ಮನೆಗಳು ಇದ್ದ ಊರು. ಮಕ್ಕಳು ಪುಣೆ, ಬೆಂಗಳೂರು ಸೇರಿ ಮನೆ ಮಾರುವಾಗ ಸಾಮಾನು ಪೇಟೆಗೆ ಬರುತ್ತದೆ. ಅಲ್ಲಿಯ ಒಂದು ಮೋಡಕಾ ಅಂಗಡಿಯ ಡಬ್ಬಿಯಲ್ಲಿ, ಮುರಿದ ಕನ್ನಡಕಗಳ ಕೆಳಗೆ, ನನಗೆ ಕೊನೆಗೂ ಒಂದು ಬ್ರಯರ್ ಪೈಪು ಸಿಕ್ಕಿತು. ಐದುನೂರು ಹೇಳಿದ, ಎರಡುನೂರಾ ಐವತ್ತಕ್ಕೆ ಕೊಟ್ಟ. ಅದರ ಕುತ್ತಿಗೆಗೆ ಬೆಳ್ಳಿ ಕಟ್ಟು ಇರಲಿಲ್ಲ. ಕಟ್ಟು ಯಾರೋ ಬಿಚ್ಚಿಕೊಂಡಿರಬಹುದು ಅಂತ ಆಶೆಯಿಂದಲೇ ತಂದೆ.

ಅತ್ತೆಯವರು ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಬಾಯಿತುದಿಯ ಮೇಲೆ ಬೆರಳಾಡಿಸಿದರು. "ಇದು ಅವರದಲ್ಲವಾ. ಅವರು ಎಡಗಡಿ ಹಲ್ಲಾಗ ಹಿಡೀತಿದ್ರು, ಅಲ್ಲಿ ತಗ್ಗು ಬಿದ್ದಿತ್ತು. ಇವ ಯಾವನೋ ಬಲಗಡಿಯಂವ" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇವನ ಹೇಂತಿನೂ ಎಷ್ಟ ಬೈದಿರಬೇಕ ಪಾಪ" ಎಂದು ನಕ್ಕರು. ಪೈಪನ್ನು ತಿರುಗಿ ಕೊಡಲಿಲ್ಲ. ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು.

ಕೈಗೆ ಸಿಕ್ಕಾಗ ಏನು ನೋಡಬೇಕು

ಇಷ್ಟು ತಿರುಗಾಟದಲ್ಲಿ ಕಲಿತದ್ದನ್ನು ನಿಮ್ಮ ಉಪಯೋಗಕ್ಕೆ ಬರೆಯುತ್ತೇನೆ.

ಪೈಪು ಸಿಕ್ಕರೆ ಬೆಳಕಿಗೆ ಹಿಡಿದು ಕುತ್ತಿಗೆಯ ಪಕ್ಕ ನೋಡಿ. ಮಾಡಿದವರ ಹೆಸರು, ದೇಶದ ಹೆಸರು ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಲಂಡನ್ನಿನ ಡನ್‌ಹಿಲ್ ಕಂಪನಿಯ ಪೈಪಿನ ಬಾಯಿತುದಿಯ ಮೇಲೆ ಒಂದು ಬಿಳೀ ಚುಕ್ಕೆ ಇರುತ್ತದೆ, ಆದರೆ ಚುಕ್ಕೆ ಇದ್ದದ್ದೆಲ್ಲ ಡನ್‌ಹಿಲ್ ಅಲ್ಲ. ಬಟ್ಟಲಿನಲ್ಲಿ ಸೀಳು ಇದೆಯೇ ನೋಡಿ. ಕುತ್ತಿಗೆಗೆ ಬೆಳ್ಳಿ ಕಟ್ಟು ಇದ್ದರೆ ಅದು ಅಲಂಕಾರಕ್ಕೂ ಇರಬಹುದು, ಸೀಳು ಬಿಗಿಯಲು ಹಾಕಿದ್ದೂ ಇರಬಹುದು.

ಹಿತ್ತಾಳೆ ಸಾಮಾನು ನಿಜವಾಗಿ ಹಳೇದಾದರೆ ಕೈ ಹಿಡಿಯುವ ಜಾಗದಲ್ಲಿ, ತಳದಲ್ಲಿ ಹೆಚ್ಚು ಸವೆದಿರುತ್ತದೆ. ಎಲ್ಲ ಕಡೆ ಒಂದೇ ಸಮನೆ ಹಸಿರು ಕಿಲುಬು ಹಿಡಿದಿದ್ದರೆ ಆಸಿಡ್ ಹಾಕಿ ಹಳೇದು ಮಾಡಿದ್ದೆಂದು ಸಂಶಯ ಪಡಿ. ಬಿದರಿ ಸಾಮಾನಿನ ಬೆಳ್ಳಿ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಬೆಳ್ಳಿ ಒಳಗೆ ಕೂತಿರಬೇಕು, ಮೇಲೆ ಬಳಿದ ಬಣ್ಣವಾಗಿರಬಾರದು.

ಆನೆಯ ದಂತದ ಹಿಡಿಕೆ, ದಂತದ ಬಾಯಿತುದಿ ಎಂದು ಹೇಳಿದರೆ ಕೊಳ್ಳಲೇಬೇಡಿ. ವನ್ಯಜೀವಿ ಕಾಯದೆಯ ಪ್ರಕಾರ ದಂತದ ವ್ಯಾಪಾರ ಅಪರಾಧ. ಇನ್ನು 1972ರ ಪ್ರಾಚ್ಯವಸ್ತು ಕಾಯದೆ 1976ರಿಂದ ಜಾರಿಯಲ್ಲಿದೆ. ಅದರಂತೆ ನೂರು ವರ್ಷ ದಾಟಿದ ಕಲಾವಸ್ತುವನ್ನು ನಾವು ನೀವು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಅಮೇರಿಕದ ಮಗಳಿಗೆ ಮುತ್ತಜ್ಜನ ಹುಕ್ಕಾ ಕಳಿಸುವ ಮೊದಲು ಇದನ್ನು ನೆನಪಿಡಿ. ಅಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು.

ಮನೆಗೆ ತಂದ ಮೇಲೆ

ಯಾರ ಬಾಯಲ್ಲಿ ಇದ್ದದ್ದೋ ಏನೋ, ಸ್ವಚ್ಛ ಮಾಡುವ ತನಕ ಸಣ್ಣ ಮಕ್ಕಳ ಕೈಗೆ ಕೊಡಬೇಡಿ.

ಪೈಪನ್ನು ನೀರಿನಲ್ಲಿ ನೆನೆಹಾಕಬಾರದು, ಕುದಿಸಬಾರದು. ಮರ ಉಬ್ಬಿ ಸೀಳುತ್ತದೆ. ಬಾಯಿತುದಿಯನ್ನು ಮೆಲ್ಲಗೆ ತಿರುವಿ ಬಿಚ್ಚಿ. ಬಟ್ಟಲಿಗೆ ಒಣ ಉಪ್ಪು ತುಂಬಿ, ಔಷಧ ಅಂಗಡಿಯಲ್ಲಿ ಸಿಗುವ ಐಸೊಪ್ರೊಪಿಲ್ ಆಲ್ಕೊಹಾಲನ್ನು ಉಪ್ಪು ನೆನೆಯುವಷ್ಟು ಹನಿಹನಿಯಾಗಿ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಉಪ್ಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದು ವರ್ಷಗಟ್ಟಲೆ ಕೂತ ತಂಬಾಕಿನ ಜಿಡ್ಡು. ಉಪ್ಪು ಚೆಲ್ಲಿ ಅರಿವೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ. ಈ ಕೆಲಸ ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಮಾತ್ರ ಮಾಡಬೇಡಿ, ಆಲ್ಕೊಹಾಲಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಕರೀ ರಬ್ಬರಿನ ತುದಿ ಬಿಸಿಲು, ಬೆಳಕಿಗೆ ಹಸಿರು ಹಳದಿಗೆ ತಿರುಗಿರುತ್ತದೆ. ಮೆತ್ತನೆ ಬಟ್ಟೆಗೆ ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಸಮಾಧಾನದಿಂದ ತಿಕ್ಕಿದರೆ ಕಪ್ಪು ಬರುತ್ತದೆ. ಒತ್ತಿದ ಹೆಸರಿನ ಮೇಲೆ ಜೋರು ತಿಕ್ಕಬೇಡಿ.

ಹಿತ್ತಾಳೆ, ತಾಮ್ರಕ್ಕೆ ನಮ್ಮ ಹುಣಸೆಹಣ್ಣು, ಉಪ್ಪೇ ಸಾಕು. ಬಿದರಿಗೆ ಮಾತ್ರ ಹುಣಸೆಹಣ್ಣು, ಲಿಂಬೆಹಣ್ಣು ಮುಟ್ಟಿಸಬಾರದು, ಕಪ್ಪು ಬಣ್ಣ ಕಿತ್ತುಹೋಗುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಮಣ್ಣಿನ ಚಿಲುಮೆಯನ್ನು ಒಣ ಬ್ರಶ್ಶಿನಿಂದ ಜಾಡಿಸಿ.

ಸಾಮಾನು ಬೇರೆ, ಚಟ ಬೇರೆ

ಇಷ್ಟೆಲ್ಲ ಓದಿ ಯಾರಾದರೂ ತಂಬಾಕಿನ ಬಗ್ಗೆ ನನಗೆ ಪ್ರೀತಿಯೆಂದು ತಿಳಿದಾರು. ಮಾವನವರ ಕೊನೆಯ ಮೂರು ತಿಂಗಳು ಅತ್ತೆಯವರು ಗಂಜಿಯನ್ನು ಚಮಚದಿಂದ ಬಿಟ್ಟದ್ದನ್ನು ಮನೆಯವರೆಲ್ಲ ಕಂಡಿದ್ದಾರೆ. ಪೈಪಾಗಲಿ, ಹುಕ್ಕಾ ಆಗಲಿ, ಬೀಡಿಯಾಗಲಿ, ಬಾಯಿ, ಗಂಟಲು, ಪುಪ್ಪುಸದ ಕ್ಯಾನ್ಸರಿಗೆ ದಾರಿ. ನೀರಿನಲ್ಲಿ ಹಾಯ್ದು ಬಂದ ಹುಕ್ಕಾ ಹೊಗೆ ನಿರಪಾಯ ಎಂಬುದೂ ಸುಳ್ಳು. ಶಹರಗಳಲ್ಲಿ ಹುಡುಗರು ಇದನ್ನೇ ಹೊಸ ಶೋಕಿ ಮಾಡಿಕೊಂಡದ್ದರಿಂದ 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹುಕ್ಕಾ ಮಾರುವುದನ್ನೂ ಸೇದುವುದನ್ನೂ ನಿಷೇಧಿಸಿತು.

ನಾವು ಹೆಣ್ಣುಮಕ್ಕಳು ಇದರಿಂದ ದೂರ ಎಂದು ತಿಳಿಯಬೇಡಿ. ಹಲ್ಲಿಗೆ ಮಿಸರಿ ತಿಕ್ಕುವುದು, ತಪಕೀರ ಏರಿಸುವುದು, ಎಲೆಯಡಿಕೆಯ ಜೊತೆ ಒಂದು ಎಸಳು ತಂಬಾಕು ಇಡುವುದು, ಇವೂ ತಂಬಾಕೇ. ಬಿಡಬೇಕೆಂದು ಮನಸ್ಸಿದ್ದು ಆಗದವರಿಗೆ ಸರಕಾರದ ಪುಕ್ಕಟೆ ಫೋನು ಇದೆ, 1800-11-2356. ಮನೆಯಲ್ಲಿ ಚಟದವರಿದ್ದರೆ ಈ ನಂಬರು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಆದರೆ ಚಟ ಹೋಗಲೆಂದು ಸಾಮಾನನ್ನೂ ಕರಗಿಸಬೇಕಾಗಿಲ್ಲ. ತಂಬಾಕು ಹೋಗಿ, ಪೈಪು ಉಳಿದರೆ ಮೊಮ್ಮಕ್ಕಳಿಗೆ ಹೇಳಲು ಒಂದು ಕಥೆ ಉಳಿಯುತ್ತದೆ. ನನ್ನ ಮಗ ಅತ್ತೆಯವರ ಟ್ರಂಕಿನ ಪೈಪು ನೋಡಿ, "ಅಜ್ಜಿ, ಇದರಿಂದ ಅಜ್ಜ ಸತ್ತರೇನು?" ಎಂದು ಕೇಳಿದ. "ಇದರಾಗ ಹಾಕಿದ್ದರಿಂದ ಸತ್ತರಪ್ಪ" ಎಂದರು ಅವರು. ಹುಡುಗನಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಸಾಲಿಯಲ್ಲೂ ಸಿಗಲಿಕ್ಕಿಲ್ಲ.

ನಮ್ಮ ಮನೆಯ ಸಾಮಾನಿಗೆ ಏನು ಬೆಲೆ?

ಪುಣೆಗೆ ಹೋದರೆ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ ನೋಡಿಕೊಂಡು ಬನ್ನಿ. ದಿನಕರ ಕೇಳಕರರು ರಾಜರಲ್ಲ, ಕನ್ನಡಕದ ವ್ಯಾಪಾರದವರು. ಏಳು ವರ್ಷದ ಮಗ ರಾಜಾ ತೀರಿಕೊಂಡ. ಅವನ ನೆನಪಿಗೆ ಆ ಹೆಸರು. 1920ರ ಸುಮಾರಿಗೆ ಸುರು ಮಾಡಿ ಊರೂರು ತಿರುಗಿ ಅವರು ಕೂಡಿಸಿದ್ದು ಕಿರೀಟ, ಸಿಂಹಾಸನಗಳನ್ನಲ್ಲ. ದೀಪ, ಅಡಕೊತ್ತು, ಬೀಗ, ದೌತಿ, ಅಡಿಗೆಮನೆಯ ಪಾತ್ರೆ, ಇಂಥ ನಿತ್ಯದ ಸಾಮಾನು. 1960ರ ಹೊತ್ತಿಗೆ ಸುಮಾರು 15,000 ವಸ್ತು ಕೂಡಿದ್ದವು. ಅವರ ಹೆಂಡತಿ ಕಮಲಾಬಾಯಿಯವರು ಈ ಕೆಲಸದಲ್ಲಿ ಗಂಡನ ಬೆನ್ನಿಗೆ ನಿಂತವರು. ನಾವು ತೂಕಕ್ಕೆ ಹಾಕುವಂಥದೇ ಸಾಮಾನನ್ನು ಅಲ್ಲಿ ಮಂದಿ ಟಿಕೀಟು ತೆಗೆಸಿ ನೋಡುತ್ತಾರೆ.

ಎಲ್ಲರ ಮನೆಯೂ ಮ್ಯೂಜಿಯಂ ಆಗಬೇಕಾಗಿಲ್ಲ. ಈಗಿನ ಎರಡು ಖೋಲಿ ಮನೆಯಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಲಿಕ್ಕೂ ಆಗದು. ನಮ್ಮ ಮನೆಯಲ್ಲಿ ಈಗ ಮೂರು ಪದ್ಧತಿ ಮಾಡಿಕೊಂಡಿದ್ದೇವೆ. ಒಂದು, ಅತ್ತೆಯವರಿಗೆ ತೋರಿಸದೆ ಯಾವ ಹಳೇ ಸಾಮಾನೂ ಹೊಸ್ತಿಲು ದಾಟುವ ಹಾಗಿಲ್ಲ. ಎರಡು, ಇಟ್ಟುಕೊಳ್ಳುವ ಸಾಮಾನಿಗೆ ಒಂದು ಚೀಟಿ. ಯಾರದು, ಎಲ್ಲಿಂದ ಬಂತು, ಯಾವ ವರ್ಷ, ಇಷ್ಟೇ ಬರೆದು ಅದರೊಳಗೆ ಇಡುವುದು. ಮೂರು, ಕೊಡಲೇಬೇಕಾದದ್ದನ್ನು ಒಂದು ಫೋಟೋ ತೆಗೆದಿಟ್ಟುಕೊಂಡು ಕೊಡುವುದು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಚೀಟಿ ಬರೆಯಲಿಕ್ಕೆ ಕೂತ ಮೇಲೆ ಅತ್ತೆಯವರ ಬಾಯಿಂದ ನನ್ನ ಗಂಡನಿಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಹೊರಬಂದವು. ಅವರ ತಾಯಿಯ ತಪಕೀರ ಡಬ್ಬಿಯೂ ಟ್ರಂಕಿನ ತಳದಿಂದ ಹೊರಬಂತು. ಅಷ್ಟು ವರ್ಷ ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದರು, ಎಲ್ಲಿ ತೂಕಕ್ಕೆ ಹೋಗುತ್ತದೋ ಎಂಬ ಹೆದರಿಕೆಗೆ.

ಮಾವನವರ ಪೈಪು ಇನ್ನೂ ಸಿಕ್ಕಿಲ್ಲ. ಬೆಳ್ಳಿ ಕರಗಿ ಯಾರದೋ ಮಗುವಿನ ಕಾಲ್ಗಡಗ ಆಗಿದ್ದರೂ ಆಗಿರಬಹುದು. ಆದರೂ ಸಂತೆಗೆ ಹೋದಾಗ ಕಣ್ಣು ಆ ಕಡೆಗೇ ಹೋಗುತ್ತದೆ. ಓದುಗ ಸೋದರಿಯರೇ, ನಿಮ್ಮ ಕಡೆ ಎಲ್ಲಿಯಾದರೂ ಮೋಡಕಾ ಡಬ್ಬಿಯಲ್ಲಿ, ಕುತ್ತಿಗೆಗೆ ಒರಟಾದ ಬೆಳ್ಳಿ ಕಟ್ಟು, ಬಾಯಿತುದಿಯ ಎಡಕ್ಕೆ ಹಲ್ಲಿನ ತಗ್ಗು ಇರುವ ಪೈಪು ಕಂಡರೆ ತಕ್ಕಡಿಗೆ ಹೋಗಗೊಡಬೇಡಿ. ಎತ್ತಿಟ್ಟು ಪತ್ರಿಕೆಗೆ ಒಂದು ಕಾರ್ಡು ಹಾಕಿ. ಬೈಲಹೊಂಗಲದಲ್ಲಿ ಅದರ ಬೆಳ್ಳಿಗೆ ಒಡತಿಯೊಬ್ಬರು ಇದ್ದಾರೆ.